ಉಳಿಗೆ ಹರಿತ ಎಲ್ಲಿಂದ ಬರುತ್ತದೆ?



ನಮ್ಮ ಮನೆಯ ಬಾಗಿಲು, ಕೊಟ್ಟಿಗೆಯ ಕಂಬ, ಅಜ್ಜಿ ಕೂರುವ ಮಣೆ ಇವೆಲ್ಲ ಉಳಿ, ಹತ್ತರಿ, ಬಾಚಿಗಳಿಂದ ಆದವು. ಆಚಾರ್ರು ಮರ ಕೆತ್ತುವುದನ್ನು ನಾವೆಲ್ಲ ಬಾಯಿಬಿಟ್ಟುಕೊಂಡು ನೋಡುತ್ತೇವೆ. ಆದರೆ ಕೆತ್ತುವ ಮೊದಲು ಅವರು ಮೂಲೆಯಲ್ಲಿ ಕೂತು, ಕಲ್ಲಿನ ಮೇಲೆ ನೀರು ಚಿಮುಕಿಸಿ, ಉಳಿಯನ್ನು ಹಿಂದೆ ಮುಂದೆ ಉಜ್ಜುತ್ತಾರಲ್ಲ, ಅದನ್ನು ಮಾತ್ರ ಯಾರೂ ನಿಂತು ನೋಡುವುದಿಲ್ಲ. "ಇನ್ನೂ ಕೆಲಸ ಶುರುವಾಗಿಲ್ಲ" ಅಂತ ಹೊರಟುಬಿಡುತ್ತೇವೆ. ನಿಜವಾಗಿ ನೋಡಿದರೆ ಅರ್ಧ ಕೆಲಸ ಆ ಕಲ್ಲಿನ ಮೇಲೇ ಆಗಿಹೋಗುತ್ತದೆ.

ಅಂಗಡಿಯಿಂದ ತಂದ ಹೊಸ ಉಳಿ ಕೂಡ ಸರಿಯಾಗಿ ಮರ ಕಡಿಯುವುದಿಲ್ಲ. ಅದಕ್ಕೆ ಆಕಾರ ಇರುತ್ತದೆ, ಹರಿತ ಇರುವುದಿಲ್ಲ. ಹರಿತವನ್ನು ದುಡ್ಡು ಕೊಟ್ಟು ತರಲಾಗದು, ಹಿಡಿದವರೇ ಮಾಡಿಕೊಳ್ಳಬೇಕು. ಇದು ಗೊತ್ತಿಲ್ಲದೆ ಎಷ್ಟೋ ಮನೆಗಳಲ್ಲಿ ಒಳ್ಳೆಯ ಉಕ್ಕಿನ ಉಳಿಗಳು "ಮೊಂಡಾಗಿದೆ" ಎಂದು ಗುಜರಿಗೆ ಹೋಗುತ್ತಿವೆ. ಆದ್ದರಿಂದ ನೀರುಕಲ್ಲಿನಲ್ಲಿ ಮಸೆಯುವ ವಿಧಾನವನ್ನು ನನಗೆ ತಿಳಿದ ಮಟ್ಟಿಗೆ ಇಲ್ಲಿ ಬರೆಯುತ್ತಿದ್ದೇನೆ.

1. ಹರಿತ ಎಂದರೇನು?

ಉಳಿಯನ್ನು ಕೈಯಲ್ಲಿ ಹಿಡಿದು ನೋಡಿ. ಅದಕ್ಕೆ ಎರಡು ಮುಖ. ಒಂದು ಚಪ್ಪಟೆಯಾದ ಬೆನ್ನು. ಇನ್ನೊಂದು ತುದಿಯಲ್ಲಿ ಓರೆಯಾಗಿರುವ ಇಳಿಜಾರು. ಈ ಎರಡು ಮುಖಗಳು ಕೂಡುವ ಗೆರೆಯೇ ಅಂಚು. ಗೆರೆಗೆ ಉದ್ದ ಮಾತ್ರ ಇರುತ್ತದೆ, ಅಗಲ ಇರುವುದಿಲ್ಲ ಎಂದು ರೇಖಾಗಣಿತದಲ್ಲಿ ಓದಿದ್ದೇವೆ. ಅಂಚು ಆ ಗೆರೆಗೆ ಎಷ್ಟು ಹತ್ತಿರ ಹೋಗುತ್ತದೋ ಅಷ್ಟು ಹರಿತ. ಸವೆದು ಗುಂಡಗಾದರೆ ಮೊಂಡು.

ಮೊಂಡಾಗಿದೆಯೋ ಇಲ್ಲವೋ ಎಂದು ತಿಳಿಯಲು ಬೆರಳು ಸವರಬೇಕಾಗಿಲ್ಲ. ಅಂಚನ್ನು ಬೆಳಕಿಗೆ ಹಿಡಿಯಿರಿ. ಗುಂಡಗಾದ ಜಾಗ ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ, ಹಾಗಾಗಿ ಬಿಳೀ ದಾರದಂತೆ ಹೊಳೆಯುತ್ತದೆ. ಹರಿತವಾದ ಅಂಚಿನಲ್ಲಿ ಬೆಳಕು ಬೀಳಲು ಜಾಗವೇ ಇಲ್ಲ. ಅದು ಕಪ್ಪಗೆ ಕಾಣುತ್ತದೆ.

ಈಗ ಒಂದು ಸಣ್ಣ ಲೆಕ್ಕ. ಒತ್ತಡ = ಬಲ ÷ ವಿಸ್ತೀರ್ಣ ಎಂದು ವಿಜ್ಞಾನದಲ್ಲಿ ಕಲಿತಿದ್ದೇವೆ. 20 ಮಿ.ಮೀ. ಅಗಲದ ಉಳಿಯ ಅಂಚು ಮೊಂಡಾಗಿ 0.1 ಮಿ.ಮೀ. ದಪ್ಪ ಆಗಿದೆ ಎಂದಿಟ್ಟುಕೊಳ್ಳೋಣ. ಮರಕ್ಕೆ ತಾಗುವ ವಿಸ್ತೀರ್ಣ 20 × 0.1 = 2 ಚದರ ಮಿ.ಮೀ. ಕೈಯಿಂದ 40 ನ್ಯೂಟನ್ ಬಲ, ಅಂದರೆ ಸುಮಾರು 4 ಕೆ.ಜಿ. ಭಾರದಷ್ಟು ಒತ್ತಿದರೆ, ಪ್ರತಿ ಚದರ ಮಿ.ಮೀ.ಗೆ ಬೀಳುವುದು 20 ನ್ಯೂಟನ್. ಅದೇ ಉಳಿಯನ್ನು ಮಸೆದು ಅಂಚನ್ನು 0.002 ಮಿ.ಮೀ.ಗೆ ತಂದರೆ ವಿಸ್ತೀರ್ಣ 0.04 ಚದರ ಮಿ.ಮೀ. ಆಗುತ್ತದೆ. ಆಗ ಅಷ್ಟೇ ಬಲಕ್ಕೆ 1000 ನ್ಯೂಟನ್ ಬೀಳುತ್ತದೆ. ಕೈ ಅದೇ, ಮರ ಅದೇ. ಒತ್ತಡ ಮಾತ್ರ 50 ಪಟ್ಟು!

ಇದರಿಂದ ಇನ್ನೊಂದು ಮುಖ್ಯ ವಿಷಯ ಗೊತ್ತಾಗುತ್ತದೆ. "ಹರಿತ ಇರೋ ಉಳಿ ಮಕ್ಕಳ ಕೈಗೆ ಕೊಡಬೇಡಿ, ಮೊಂಡು ಉಳಿ ಆದ್ರೆ ಪರವಾಗಿಲ್ಲ" ಅಂತ ದೊಡ್ಡವರು ಹೇಳುವುದುಂಟು. ಮೊಂಡು ಉಳಿಗೆ ಮೈಯೆಲ್ಲ ಬಲ ಹಾಕಿ ನೂಕಬೇಕು. ಹಾಗೆ ನೂಕಿದಾಗ ಅದು ಮರದ ಮೇಲೆ ಜಾರಿ, ಮರ ಹಿಡಿದ ಇನ್ನೊಂದು ಕೈಗೆ ನುಗ್ಗುತ್ತದೆ. ಮರಕ್ಕೆ ಮೊಂಡಾದದ್ದು ಕೈಗೆ ಮೊಂಡಲ್ಲ. ಹರಿತವಾದ ಉಳಿ ಕಡಿಮೆ ಬಲಕ್ಕೆ ಹೇಳಿದ ಕಡೆ ಹೋಗುತ್ತದೆ. ಆದರೆ ಯಾವ ಉಳಿಯೇ ಆಗಲಿ, ಎರಡೂ ಕೈ ಅಂಚಿನ ಹಿಂದೆಯೇ ಇರಬೇಕು. ಇದು ಮರೆಯಬಾರದ ನಿಯಮ.

2. ಕಲ್ಲು ಏನು ಮಾಡುತ್ತದೆ? ನೀರು ಏನು ಮಾಡುತ್ತದೆ?

ಮಸೆಯುವ ಕಲ್ಲು ಎಂದರೆ ಉಕ್ಕಿಗಿಂತ ಗಟ್ಟಿಯಾದ ಸಣ್ಣ ಸಣ್ಣ ಹರಳುಗಳ ಮುದ್ದೆ. ಪ್ರತಿ ಹರಳೂ ಉಕ್ಕನ್ನು ಒಂದು ಚೂರು ಗೀರುತ್ತದೆ. ಒರಟು ಹರಳು ಆಳವಾಗಿ ಗೀರುತ್ತದೆ, ಕೆಲಸ ಬೇಗ. ನಯವಾದ ಹರಳು ತೆಳ್ಳಗೆ ಗೀರುತ್ತದೆ, ಕೆಲಸ ನಿಧಾನ, ಅಂಚು ನುಣುಪು. ಆದ್ದರಿಂದ ಒರಟಿನಿಂದ ನಯಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಹೋಗಬೇಕು.

ಕಲ್ಲುಗಳಿಗೆ ಸಂಖ್ಯೆ ಇರುತ್ತದೆ. ಸಂಖ್ಯೆ ದೊಡ್ಡದಾದಷ್ಟೂ ಹರಳು ಸಣ್ಣದು. ಕಾರಣ, ಈ ಸಂಖ್ಯೆ ಮೊದಲು ಬಂದದ್ದು ಜರಡಿಯಿಂದ. ಒಂದು ಅಂಗುಲಕ್ಕೆ ಹೆಚ್ಚು ಕಣ್ಣುಗಳಿದ್ದರೆ ಕಣ್ಣು ಸಣ್ಣದು, ಇಳಿಯುವ ಪುಡಿಯೂ ಸಣ್ಣದು. ಅಮ್ಮ ರಾಗಿ ಹಿಟ್ಟು ಜರಡಿ ಹಿಡಿಯುವ ಹಾಗೆಯೇ!

220ರಿಂದ 400: ಒರಟು ಕಲ್ಲು. ಅಂಚು ಮುಕ್ಕಾಗಿದ್ದರೆ ಮಾತ್ರ.
800ರಿಂದ 1200: ನಡುವಿನ ಕಲ್ಲು. ದಿನದ ಮಸೆತ ಇಲ್ಲಿಂದಲೇ ಶುರು.
4000ರಿಂದ 8000: ನಯದ ಕಲ್ಲು. ಕೊನೆಯ ಹೊಳಪಿಗೆ.

1000ದ ಕಲ್ಲಿನ ಹರಳು ಸುಮಾರು 10ರಿಂದ 15 ಮೈಕ್ರಾನ್, 8000ದ್ದು 1ರಿಂದ 2 ಮೈಕ್ರಾನ್ ಇರುತ್ತದೆ. ಮೈಕ್ರಾನ್ ಎಂದರೆ ಮಿ.ಮೀ.ನ ಸಾವಿರದಲ್ಲಿ ಒಂದು ಭಾಗ. ನಮ್ಮ ತಲೆಗೂದಲು ಸುಮಾರು 50ರಿಂದ 100 ಮೈಕ್ರಾನ್ ದಪ್ಪ.

ಇನ್ನು ನೀರಿನ ಕೆಲಸ. ಉಜ್ಜಿದಾಗ ಉಕ್ಕಿನ ಪುಡಿ ಏಳುತ್ತದೆ. ಒಣಗಿದ ಕಲ್ಲಿನಲ್ಲಿ ಆ ಪುಡಿ ಹರಳುಗಳ ಸಂದಿಯಲ್ಲಿ ಕೂತು ಕಲ್ಲು ಜಾರುಬಂಡೆಯಂತಾಗುತ್ತದೆ, ಉಕ್ಕನ್ನು ಹಿಡಿಯುವುದೇ ಇಲ್ಲ. ನೀರು ಆ ಪುಡಿಯನ್ನು ತೇಲಿಸಿ ಹೊರಗೆ ತರುತ್ತದೆ. ಜೊತೆಗೆ ನೀರುಕಲ್ಲು ಸ್ವಲ್ಪ ಮೆದು. ಉಜ್ಜುತ್ತಾ ಹೋದಂತೆ ಸವೆದ ಹರಳು ಕಳಚಿ ಹೊಸ ಹರಳು ಮೇಲೆ ಬರುತ್ತದೆ. ಕಳಚಿದ ಹರಳು ನೀರಿನೊಡನೆ ಸೇರಿ ಬೂದು ಬಣ್ಣದ ತೆಳು ಕೆಸರಾಗುತ್ತದೆ. ಗಲೀಜು ಅಂತ ಅದನ್ನು ಮತ್ತೆ ಮತ್ತೆ ತೊಳೆಯಬಾರದು. ಮಸೆಯುವ ಕೆಲಸದಲ್ಲಿ ಆ ಕೆಸರಿಗೂ ಪಾಲಿದೆ. ಹಾಗೆಯೇ ನೀರುಕಲ್ಲಿಗೆ ಎಣ್ಣೆ ಹಾಕಬಾರದು. ಎಣ್ಣೆ ಕುಡಿದ ಕಲ್ಲಿನ ಸಂದಿ ಮುಚ್ಚಿಕೊಂಡು ಮತ್ತೆ ನೀರು ಹಿಡಿಯುವುದಿಲ್ಲ.

3. ನೀರುಕಲ್ಲಿನ ನಾಡು

ಕಲ್ಲಿಗೆ ನೀರು ಹಾಕಿ ಮಸೆಯುವುದು ಎಲ್ಲ ದೇಶಗಳಲ್ಲೂ ಇದೆ. ಆದರೆ ಇದನ್ನೊಂದು ದೊಡ್ಡ ವಿದ್ಯೆಯಾಗಿ ಬೆಳೆಸಿದವರು ಜಪಾನಿನ ಬಡಗಿಗಳು. ಅಲ್ಲಿ ಕ್ಯೋಟೋ ನಗರದ ಸುತ್ತಿನ ಬೆಟ್ಟಗಳಲ್ಲಿ ಬಹಳ ನಯವಾದ ಕಲ್ಲು ಸಿಗುತ್ತಿತ್ತು. ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತ ಸಣ್ಣ ಮಣ್ಣು ಕೋಟ್ಯಂತರ ವರ್ಷಗಳಲ್ಲಿ ಗಟ್ಟಿಯಾಗಿ ಆದ ಕಲ್ಲು ಅದು. ಒರಟು ಕಲ್ಲಿಗೆ ಅರಾತೊ, ನಡುವಿನದಕ್ಕೆ ನಾಕಾತೊ, ಕೊನೆಯ ನಯದ ಕಲ್ಲಿಗೆ ಶಿಯಾಗೆತೊ ಎಂದು ಅವರು ಕರೆಯುತ್ತಾರೆ. ಈಗ ಅಲ್ಲಿಯ ಹೆಚ್ಚಿನ ಗಣಿಗಳು ಮುಚ್ಚಿವೆ. ಕಾರ್ಖಾನೆಯಲ್ಲಿ ಹರಳು ಮತ್ತು ಅಂಟು ಸೇರಿಸಿ ಮಾಡಿದ ಕಲ್ಲುಗಳೇ ಹೆಚ್ಚು ಬಳಕೆಯಲ್ಲಿವೆ.

ಜಪಾನಿನಲ್ಲಿ ಹೋರ್ಯೂಜಿ ಎಂಬ ಬೌದ್ಧ ದೇವಾಲಯವಿದೆ. ಪ್ರಪಂಚದಲ್ಲಿ ಇವತ್ತಿಗೂ ನಿಂತಿರುವ ಅತಿ ಹಳೆಯ ಮರದ ಕಟ್ಟಡಗಳು ಅಲ್ಲಿವೆ. ಅದನ್ನು ನೋಡಿಕೊಳ್ಳುತ್ತಿದ್ದ ಬಡಗಿಗಳ ಮನೆತನದಲ್ಲಿ ನಿಶಿಓಕಾ ತ್ಸುನೆಕಾಜು (1908–1995) ಎಂಬ ಹೆಸರಾಂತ ಬಡಗಿ ಇದ್ದರು. ಯಾಕುಶಿಜಿ ದೇವಾಲಯದ ಪಶ್ಚಿಮ ಗೋಪುರ 1981ರಲ್ಲಿ ಮತ್ತೆ ಎದ್ದು ನಿಂತದ್ದು ಇವರ ಮುಂದಾಳತ್ವದಲ್ಲಿ. ಇವರು ತಮ್ಮ ಬಳಿ ಕಲಿಯಲು ಬಂದ ಯುವಕನಿಗೆ ಮೊದಲ ಒಂದು ವರ್ಷ ಟಿ.ವಿ., ರೇಡಿಯೋ, ಪತ್ರಿಕೆ ಯಾವುದೂ ಬೇಡ, ಉಪಕರಣ ಮಸೆಯುವುದನ್ನು ಮಾತ್ರ ಕಲಿ ಎಂದು ಹೇಳಿದ್ದರಂತೆ. ಮಸೆಯಲು ಬಾರದವನಿಗೆ ಮರದ ಗುಣ ತಿಳಿಯದು ಎಂಬುದು ಇದರ ಅರ್ಥ. ಮೊಂಡು ಉಳಿಗೆ ಎಲ್ಲ ಮರವೂ ಕೆಟ್ಟ ಮರವೇ ತಾನೆ!

4. ಮಸೆಯುವ ವಿಧಾನ

(ಅ) ಕಲ್ಲನ್ನು ನೀರಿನಲ್ಲಿ ಮುಳುಗಿಸಿ. ಗುಳ್ಳೆ ಬರುವುದು ನಿಲ್ಲುವ ತನಕ, ಸುಮಾರು 10–15 ನಿಮಿಷ, ಬಿಡಿ. ಬಹಳ ನಯದ ಕಲ್ಲುಗಳಿಗೆ ಇಷ್ಟು ನೆನೆ ಬೇಡ, ಮೇಲೆ ನೀರು ಚಿಮುಕಿಸಿದರೆ ಸಾಕು. ಆಮೇಲೆ ಒದ್ದೆ ಗೋಣಿತಾಟಿನ ಮೇಲೆ ಕಲ್ಲನ್ನು ಇಡಿ. ಜಾರುವುದಿಲ್ಲ.

(ಆ) ಮೊದಲು ಬೆನ್ನು. ಅಂಚಿನ ಕಡೆಯ ಎರಡು ಮೂರು ಸೆಂ.ಮೀ. ಭಾಗವನ್ನು ಕಲ್ಲಿನ ಮೇಲೆ ಪೂರ್ತಿ ಚಪ್ಪಟೆಯಾಗಿ ಮಲಗಿಸಿ ಉಜ್ಜಿ. ಹಿಡಿಯನ್ನು ಸ್ವಲ್ಪವೂ ಎತ್ತಬಾರದು. ಎಲ್ಲ ಕಡೆ ಒಂದೇ ಬಣ್ಣ ಬರುವ ತನಕ ಮಾಡಿ. ಹಳೆ ಉಳಿಗೆ ಇದು ಬೇಸರ ಬರುವಷ್ಟು ಹೊತ್ತು ಹಿಡಿಯಬಹುದು. ಆದರೆ ಜನ್ಮಕ್ಕೆ ಒಂದೇ ಸಲ ಮಾಡುವ ಕೆಲಸ ಇದು.

(ಇ) ಆಮೇಲೆ ಇಳಿಜಾರು. ಎಷ್ಟು ಕೋನ ಇರಬೇಕು? ಸಾಮಾನ್ಯ ಉಳಿಗೆ 25ರಿಂದ 30 ಡಿಗ್ರಿ. ಕೊಡತಿಯಿಂದ ಹೊಡೆದು ತೂತು ತೋಡುವ ದಪ್ಪ ಉಳಿಗೆ 30ರಿಂದ 35. ಕೋನ ತೀರಾ ಕಡಿಮೆಯಾದರೆ ಅಂಚು ತೆಳ್ಳಗಾಗಿ ಮುರಿಯುತ್ತದೆ. ಜಾಸ್ತಿಯಾದರೆ ಮರದೊಳಗೆ ಇಳಿಯುವುದಿಲ್ಲ. ಕೋನಮಾಪಕ ಇಲ್ಲದೆ ಅಳೆಯುವುದು ಹೇಗೆ? ನಮ್ಮ ತ್ರಿಕೋನಮಿತಿ ಇಲ್ಲಿ ಕೆಲಸಕ್ಕೆ ಬರುತ್ತದೆ. ಸೈನ್ 30° = 1/2 ತಾನೆ? ಹಾಗಾದರೆ ಇಳಿಜಾರಿನ ಉದ್ದ ಉಳಿಯ ದಪ್ಪದ ಸರಿಯಾಗಿ ಎರಡರಷ್ಟು ಇದ್ದರೆ ಅದು 30 ಡಿಗ್ರಿ. ಉಳಿ 4 ಮಿ.ಮೀ. ದಪ್ಪ ಇದ್ದರೆ ಇಳಿಜಾರು 8 ಮಿ.ಮೀ. ಇರಬೇಕು. ಜಾಮಿಟ್ರಿ ಪೆಟ್ಟಿಗೆಯ ಸ್ಕೇಲು ಸಾಕು!

(ಈ) ಇಳಿಜಾರನ್ನು ಕಲ್ಲಿನ ಮೇಲಿಟ್ಟು ಉಳಿಯನ್ನು ಮೆಲ್ಲಗೆ ಮೇಲೆ ಕೆಳಗೆ ಆಡಿಸಿ ನೋಡಿ. ಒಂದು ಕಡೆ ಅದು ತಾನಾಗಿ ಕೂತ ಹಾಗೆ ಅನಿಸುತ್ತದೆ. ಅದೇ ಸರಿಯಾದ ಜಾಗ. ಎಡಗೈಯ ಎರಡು ಬೆರಳನ್ನು ಅಂಚಿನ ಹತ್ತಿರ ಒತ್ತಿ, ಬಲಗೈಯಲ್ಲಿ ಹಿಡಿ ಹಿಡಿದುಕೊಂಡು, ಮಣಿಕಟ್ಟು ಬಿಗಿ ಮಾಡಿ ಉಜ್ಜಿ. ಮಣಿಕಟ್ಟು ಆಡಿದರೆ ಉಳಿಯೂ ಜೋಕಾಲಿಯಂತೆ ಆಡಿ ಇಳಿಜಾರು ಗುಂಡಗಾಗುತ್ತದೆ. ಮೈಯನ್ನೇ ಹಿಂದೆ ಮುಂದೆ ಮಾಡಬೇಕು. ಕಲ್ಲಿನ ನಡುವೆ ಮಾತ್ರ ಉಜ್ಜದೆ ಪೂರ್ತಿ ಕಲ್ಲನ್ನು ಬಳಸಿ.

ಸರಿಯಾಗಿ ಉಜ್ಜುತ್ತಿದ್ದೇವೋ ಇಲ್ಲವೋ ತಿಳಿಯಲು ಒಂದು ಉಪಾಯ ಇದೆ. ಇಳಿಜಾರಿಗೆ ಮಾರ್ಕರ್ ಪೆನ್ನಿನಲ್ಲಿ ಬಣ್ಣ ಹಚ್ಚಿ ನಾಲ್ಕು ಸಲ ಉಜ್ಜಿ. ಬಣ್ಣ ಹೋದ ಜಾಗ ಕಲ್ಲಿಗೆ ತಾಗಿದೆ, ಉಳಿದ ಜಾಗ ತಾಗಿಲ್ಲ. ಅಂಚಿನಲ್ಲೇ ಬಣ್ಣ ಉಳಿದಿದ್ದರೆ ಹಿಡಿಯನ್ನು ಒಂದು ಕೂದಲೆಳೆ ಮೇಲೆತ್ತಿ.

(ಉ) ಎಷ್ಟು ಹೊತ್ತು ಉಜ್ಜಬೇಕು? ಗಡಿಯಾರ ನೋಡಬೇಡಿ, ಉಳಿಯನ್ನೇ ಕೇಳಿ. ಉಜ್ಜುತ್ತಾ ಅಂಚಿನ ತನಕ ಸವೆದಾಗ, ತುದಿಯ ಉಕ್ಕು ತೆಳುವಾಗಿ ಬೆನ್ನಿನ ಕಡೆಗೆ ಸಿಬಿರಿನಂತೆ ಮಡಚಿಕೊಳ್ಳುತ್ತದೆ. ಬೆನ್ನಿನ ಮೇಲೆ ಬೆರಳನ್ನು ನಡುವಿನಿಂದ ಅಂಚಿನ ಆಚೆಗೆ ಮೆಲ್ಲಗೆ ಜಾರಿಸಿದರೆ ತರಿತರಿಯಾಗಿ ತಾಗುತ್ತದೆ. ಅಂಚಿನ ಉದ್ದಕ್ಕೆ ಮಾತ್ರ ಯಾವತ್ತೂ ಬೆರಳು ಎಳೆಯಬಾರದು. ಈ ಸಿಬಿರು ಅಂಚಿನ ಈ ತುದಿಯಿಂದ ಆ ತುದಿಯ ತನಕ ಬಂದಿದ್ದರೆ ಆ ಕಲ್ಲಿನ ಕೆಲಸ ಮುಗಿಯಿತು. ಒಂದು ಮೂಲೆಯಲ್ಲಿ ಬಂದಿಲ್ಲ ಎಂದರೆ ಅಲ್ಲಿ ಇನ್ನೂ ಮೊಂಡೇ ಇದೆ. ಮಸೆಯುವ ವಿದ್ಯೆಯಲ್ಲಿ ನೆನಪಿಡಬೇಕಾದ ಒಂದೇ ಒಂದು ಮಾತು ಇದ್ದರೆ ಇದೇ: ಸಿಬಿರು ಏಳದೆ ಮುಂದಿನ ಕಲ್ಲಿಗೆ ಹೋಗಬೇಡಿ.

(ಊ) ಮುಂದಿನ ಕಲ್ಲಿಗೆ ಹೋಗುವ ಮೊದಲು ಕೈ ಮತ್ತು ಉಳಿ ಎರಡನ್ನೂ ತೊಳೆಯಿರಿ. ಒರಟು ಹರಳು ಒಂದೇ ಒಂದು ನಯದ ಕಲ್ಲಿಗೆ ಬಂದರೂ ಗೀರು ಬೀಳುತ್ತದೆ. ನಯದ ಕಲ್ಲಿನಲ್ಲಿ ಇಳಿಜಾರನ್ನು ಮತ್ತೆ ಹಾಗೆಯೇ ಉಜ್ಜಿ, ಹಿಂದಿನ ಕಲ್ಲಿನ ಗೀರುಗಳು ಮಾಯವಾಗಲಿ. ಆಮೇಲೆ ಬೆನ್ನನ್ನು ಮಲಗಿಸಿ ನಾಲ್ಕಾರು ಸಲ ಉಜ್ಜಿ. ಸಿಬಿರು ಇಳಿಜಾರಿನ ಕಡೆ ತಿರುಗುತ್ತದೆ. ಮತ್ತೆ ಇಳಿಜಾರು, ಮತ್ತೆ ಬೆನ್ನು. ಹೀಗೆ ಆ ಕಡೆ ಈ ಕಡೆ ಬಾಗಿ ಬಾಗಿ ಸಿಬಿರು ಉದುರಿಹೋಗುತ್ತದೆ. ಉಳಿಯುವುದೇ ಹರಿತ.

(ಋ) ಪರೀಕ್ಷೆ ಮಾಡಲು ಮೆದು ಮರದ ತುಂಡೊಂದನ್ನು ಗರಗಸದಲ್ಲಿ ಅಡ್ಡ ಕೊಯ್ದು, ಆ ಕೊಯ್ದ ತುದಿಯ ಮೇಲೆ ಉಳಿಯಿಂದ ತೆಳ್ಳಗೆ ಸೀಳಿ. ಎಳೆಗಳು ಜಜ್ಜಿಹೋಗಿ ಪುಡಿ ಬಂದರೆ ಇನ್ನೂ ಸಾಲದು. ತುಂಡಾಗದ ತೆಳು ಸಿಪ್ಪೆ ಬಂದು, ಮರದ ಮೈ ಹೊಳೆದರೆ ಆಯಿತು. ಕೊನೆಯಲ್ಲಿ ಉಳಿ ಒರೆಸಿ ಒಂದು ಹನಿ ಕೊಬ್ಬರಿ ಎಣ್ಣೆ ಸವರಿ. ತುಕ್ಕು ಹಿಡಿಯುವುದಿಲ್ಲ. ಕಲ್ಲನ್ನು ನೆರಳಿನಲ್ಲಿ ಒಣಗಿಸಿ.

ಹತ್ತರಿಯ ಅಲಗಿಗೂ ಇದೇ ವಿಧಾನ. ಅದರ ಎರಡು ಮೂಲೆಗಳನ್ನು ಮಾತ್ರ ಒಂದು ಚೂರು ಹೆಚ್ಚು ಸವೆಸಬೇಕು, ಇಲ್ಲದಿದ್ದರೆ ಹಲಗೆಯ ಮೇಲೆ ಗೆರೆ ಬೀಳುತ್ತದೆ. ಬಾಚಿಯಂಥ ದೊಡ್ಡ ಉಪಕರಣವಾದರೆ ಅದನ್ನು ಅಲ್ಲಾಡದಂತೆ ಇಟ್ಟು ಕಲ್ಲನ್ನೇ ಅದರ ಮೇಲೆ ಉಜ್ಜುವುದು ಸುಲಭ. ಗರಗಸದ ಹಲ್ಲಿಗೆ ಕಲ್ಲು ಬೇಡ, ಅರ ಬೇಕು.

5. ಕಲ್ಲನ್ನೂ ಸರಿ ಮಾಡಬೇಕು

ಕಲ್ಲು ಉಳಿಯನ್ನು ಸವೆಸುತ್ತದೆ, ಉಳಿಯೂ ಕಲ್ಲನ್ನು ಸವೆಸುತ್ತದೆ. ನಡುವೆ ಗುಂಡಿ ಬೀಳುತ್ತದೆ. ಗುಂಡಿ ಬಿದ್ದ ಕಲ್ಲಿನಲ್ಲಿ ನೇರವಾದ ಅಂಚು ಬರಲು ಸಾಧ್ಯವೇ ಇಲ್ಲ. ಆದ್ದರಿಂದ ಕಲ್ಲಿನ ಮೇಲೆ ಪೆನ್ಸಿಲಿನಿಂದ ಚೌಕುಳಿ ಗೆರೆ ಎಳೆಯಿರಿ. ಗಾಜಿನ ಮೇಲೆ ಒರಟು ವಾಟರ್ ಪೇಪರ್ ಹಾಸಿ, ನೀರು ಹಾಕಿ, ಕಲ್ಲನ್ನು ಕವುಚಿ ಉಜ್ಜಿ. ಎಲ್ಲ ಗೆರೆಗಳೂ ಅಳಿಸಿದರೆ ಕಲ್ಲು ಸಮವಾಯಿತು ಎಂದು ತಿಳಿಯಿರಿ.

ಗಾಜು ಇಲ್ಲದಿದ್ದರೆ? ಒಂದೇ ಜಾತಿಯ ಮೂರು ಕಲ್ಲು ಇದ್ದರೆ ಅವೇ ಒಂದನ್ನೊಂದು ಸರಿ ಮಾಡುತ್ತವೆ. ಎರಡು ಯಾಕೆ ಸಾಲದು? ಎರಡನ್ನೇ ಉಜ್ಜಿದರೆ ಒಂದು ತಟ್ಟೆಯಂತೆ ತಗ್ಗಾಗಿ, ಇನ್ನೊಂದು ಬೆನ್ನಿನಂತೆ ಉಬ್ಬಾಗಿ, ಎರಡೂ ಚೆನ್ನಾಗಿ ಕೂತುಬಿಡಬಹುದು. ನಮಗೆ ಮೋಸವಾಗುತ್ತದೆ. ಮೂರನೆಯ ಕಲ್ಲು ಆ ತಗ್ಗಿಗೂ ಈ ಉಬ್ಬಿಗೂ ಒಟ್ಟಿಗೆ ಹೊಂದಿಕೊಳ್ಳಲಾರದು. ಮೊದಲನೆಯದನ್ನು ಎರಡನೆಯದಕ್ಕೆ, ಎರಡನೆಯದನ್ನು ಮೂರನೆಯದಕ್ಕೆ, ಮೂರನೆಯದನ್ನು ಮೊದಲನೆಯದಕ್ಕೆ ಹೀಗೆ ಸುತ್ತುತ್ತಾ ಉಜ್ಜಿದರೆ ಮೂರೂ ಸಮವಾಗಲೇಬೇಕು. ಗಣಿತದ ಮೇಷ್ಟ್ರು ಇದನ್ನು ತರಗತಿಯಲ್ಲಿ ಚಿತ್ರ ಬರೆದು ತೋರಿಸಿದರೆ ಚೆನ್ನಾಗಿರುತ್ತದೆ.

6. ಕರೆಂಟಿನ ಸಾಣೆ ಇದ್ಯಲ್ಲ, ಇದೆಲ್ಲ ಯಾಕೆ?

ಈ ಪ್ರಶ್ನೆ ಎಲ್ಲರೂ ಕೇಳುತ್ತಾರೆ. ತಿರುಗುವ ಸಾಣೆ ಚಕ್ರ ಬೇಗ ಸವೆಸುತ್ತದೆ, ನಿಜ. ಮುಕ್ಕಾದ ಅಂಚಿಗೆ ಅದು ಬೇಕು. ಆದರೆ ಅಲ್ಲಿ ಕಿಡಿ ಹಾರುತ್ತದಲ್ಲ, ಅಷ್ಟು ಬಿಸಿ. ಕಮ್ಮಾರರು ಉಕ್ಕನ್ನು ಕಾಯಿಸಿ, ಅದ್ದಿ, ಮತ್ತೆ ಹಿತವಾಗಿ ಕಾಯಿಸಿ ಹದ ಮಾಡಿರುತ್ತಾರೆ. ಉಳಿಯ ತೆಳ್ಳನೆಯ ತುದಿ ಚಕ್ರದ ಮೇಲೆ ಒಂದೆರಡು ಕ್ಷಣದಲ್ಲಿ 300 ಡಿಗ್ರಿ ಸೆಲ್ಸಿಯಸ್ ತನಕ ಕಾದು ನೀಲಿ ಬಣ್ಣಕ್ಕೆ ತಿರುಗಬಹುದು. ಸಾಮಾನ್ಯ ಉಕ್ಕಿನ ಉಳಿ ನೀಲಿಗೆ ತಿರುಗಿತೆಂದರೆ ಅಷ್ಟು ಭಾಗದ ಹದ ಹೋಯಿತು. ಎಷ್ಟು ಮಸೆದರೂ ಮಧ್ಯಾಹ್ನದೊಳಗೆ ಮೊಂಡು. ಆ ನೀಲಿ ಭಾಗವನ್ನು ಪೂರ್ತಿ ಸವೆಸಿ ತೆಗೆಯಬೇಕು, ಉಳಿ ಅಷ್ಟು ಗಿಡ್ಡವಾಗುತ್ತದೆ. ಚಕ್ರ ಬಳಸಲೇಬೇಕಾದರೆ ಕನ್ನಡಕ ಹಾಕಿ, ಪದೇ ಪದೇ ನೀರಿಗೆ ಅದ್ದಬೇಕು. ನೀರುಕಲ್ಲಿನಲ್ಲಿ ಈ ಭಯವೇ ಇಲ್ಲ. ಕೈಯಿಂದ ಉಜ್ಜಿದರೆ ಹದ ಹೋಗುವಷ್ಟು ಬಿಸಿ ಹುಟ್ಟುವುದಿಲ್ಲ.

ಇನ್ನು ನಮ್ಮ ಕಡೆಯ ಮರದ ವಿಚಾರ. ತೇಗ ಕೆತ್ತಲು ಮೆದುವೇ, ಆದರೆ ಉಳಿ ಬೇಗ ಮೊಂಡಾಗುತ್ತದೆ ಅಂತ ಆಚಾರ್ರು ಹೇಳುತ್ತಾರೆ. ತೇಗದ ಮರದೊಳಗೆ ಸಿಲಿಕಾ, ಅಂದರೆ ಮರಳಿನಲ್ಲಿರುವ ವಸ್ತುವೇ, ಸಣ್ಣ ಕಣಗಳಾಗಿ ಇರುತ್ತದೆ. ಅಂಚು ಅದಕ್ಕೆ ತಾಗಿ ತಾಗಿ ಸವೆಯುತ್ತದೆ. ತೇಗದ ಕೆಲಸ ಮಾಡುವವರು ದಿನಕ್ಕೆ ಹಲವು ಸಲ ಕಲ್ಲಿನ ಹತ್ತಿರ ಹೋಗುವುದು ಸೋಮಾರಿತನದಿಂದ ಅಲ್ಲ!

ನಿಮಗೆ ಗೊತ್ತೇ?

★ ಅಂಗಡಿಯಲ್ಲಿ ಸಿಗುವ ಕಪ್ಪು ಕಾರ್ಬೊರಂಡಂ ಕಲ್ಲಿನ ಹರಳು ಸಿಲಿಕಾನ್ ಕಾರ್ಬೈಡ್. ಅಮೆರಿಕದ ಎಡ್ವರ್ಡ್ ಅಚೆಸನ್ ಇದನ್ನು ತಯಾರಿಸುವ ವಿಧಾನಕ್ಕೆ 1893ರಲ್ಲಿ ಪೇಟೆಂಟ್ ಪಡೆದರು. ಇದು ಬಹಳ ಗಡಸು, ಆದರೆ ವಜ್ರದಷ್ಟಲ್ಲ.

★ ಜಪಾನಿನಲ್ಲಿ 1997ರಿಂದ ಹತ್ತರಿ ಹೊಡೆಯುವವರ ಕೂಟಗಳು ನಡೆಯುತ್ತಿವೆ. ಅಲ್ಲಿ 10 ಮೈಕ್ರಾನ್‌ಗಿಂತ ತೆಳುವಾದ ಮರದ ಸಿಪ್ಪೆ ತೆಗೆಯುತ್ತಾರೆ. ನಮ್ಮ ನೋಟ್‌ಬುಕ್ಕಿನ ಒಂದು ಹಾಳೆ ಅದರ ಹಲವು ಪಟ್ಟು ದಪ್ಪ.

★ ಜಪಾನಿನ ಕೋಬೆ ನಗರದಲ್ಲಿ ಬಡಗಿಯ ಉಪಕರಣಗಳಿಗೇ ಒಂದು ವಸ್ತುಸಂಗ್ರಹಾಲಯ ಇದೆ. ಅದು ಶುರುವಾದದ್ದು 1984ರಲ್ಲಿ.

7. ಕೊನೆಯ ಮಾತು

ಜಪಾನಿನ ಕಲ್ಲು ನಮ್ಮೂರಿಗೆ ಎಲ್ಲಿಂದ ಬರಬೇಕು ಎಂದು ಯಾರೂ ಕೈಚೆಲ್ಲಬೇಕಾಗಿಲ್ಲ. ಹಾರ್ಡ್‌ವೇರ್ ಅಂಗಡಿಯ ಎರಡು ಬದಿಯ ಕಾರ್ಬೊರಂಡಂ ಕಲ್ಲಿಗೆ ನೀರು ಹಾಕಿ ಆಕಾರ ತರಬಹುದು. ಆಮೇಲೆ ಬಣ್ಣ ಹೊಡೆಯುವವರು ಬಳಸುವ ವಾಟರ್ ಪೇಪರ್ 1000, 2000 ಸಂಖ್ಯೆಯದನ್ನು ಗಾಜಿನ ಮೇಲೆ ಅಂಟಿಸಿಕೊಂಡರೆ ನಯದ ಕೆಲಸ ಆಗುತ್ತದೆ. ಕಾಗದದ ಸಂಖ್ಯೆ ಮತ್ತು ಜಪಾನಿನ ಕಲ್ಲಿನ ಸಂಖ್ಯೆ ಒಂದೇ ಅಲ್ಲ ಎಂಬುದು ನೆನಪಿರಲಿ. 'ಪಿ' ಎಂದು ಬರೆದಿರುವ 2000ದ ಕಾಗದದ ಹರಳು ಹೆಚ್ಚು ಕಡಿಮೆ 1000ದ ಕಲ್ಲಿನಷ್ಟೇ ಇರುತ್ತದೆ. ಕಾಗದದ ಮೇಲೆ ಉಳಿಯನ್ನು ಹಿಂದಕ್ಕೆ ಎಳೆಯುವಾಗ ಮಾತ್ರ ಒತ್ತಬೇಕು, ಮುಂದಕ್ಕೆ ಒತ್ತಿದರೆ ಕಾಗದ ಹರಿಯುತ್ತದೆ. ಕಡೆಗೆ ಹಳೆ ಚರ್ಮದ ಬೆಲ್ಟಿಗೆ ಲೋಹದ ಪಾಲಿಶ್ ಸವರಿ, ಅದರ ಮೇಲೂ ಹಿಂದಕ್ಕೇ ನಾಲ್ಕು ಸಲ ಎಳೆದರೆ ಮುಗಿಯಿತು.

ನಮ್ಮ ಶಾಲೆಯ ಸಾಮಾನಿನ ಕೋಣೆಯಲ್ಲಿ ಒಂದು ಪೆಟ್ಟಿಗೆ ಇದೆ. ಅದರಲ್ಲಿ ನಾಲ್ಕು ಉಳಿ, ಒಂದು ಹತ್ತರಿ ತುಕ್ಕು ಹಿಡಿದು ಬಿದ್ದಿವೆ. ಈ ವರ್ಷ ಅವನ್ನು ಹಳೆ ಕಬ್ಬಿಣದ ಜೊತೆ ಹಾಕುವ ಮಾತು ಕೇಳಿಬಂದಿದೆ. ಗುರುಗಳಲ್ಲಿ ನಮ್ಮ ವಿನಂತಿ ಏನೆಂದರೆ, ಒಂದು ಶನಿವಾರ ಆ ಪೆಟ್ಟಿಗೆಯನ್ನು ನಮಗೆ ಕೊಡಿ. ಊರಿನ ಆಚಾರ್ರನ್ನು ಕರೆಸಿ, ಅವರ ಎದುರಿನಲ್ಲೇ ನಾವು ಮಸೆಯುತ್ತೇವೆ. ತೆಳು ಸಿಪ್ಪೆ ಬಂದರೆ ಉಳಿಗಳು ಶಾಲೆಯಲ್ಲೇ ಉಳಿಯಲಿ. ಮುರಿದ ಬೆಂಚುಗಳನ್ನು ನಾವೇ ರಿಪೇರಿ ಮಾಡಬಹುದು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮೊಂಡು ಉಳಿ ಹಿಡಿದು ಮರ ಗಟ್ಟಿ ಅನ್ನುವುದೂ ಅಷ್ಟೇ. ಮೊದಲು ಕಲ್ಲಿಗೆ ನೀರು ಹಾಕೋಣ.



– 10ನೇ ತರಗತಿಯ ಬಳಗ